ಏಳನೆಯ ಪೆಟ್ಟಿಗೆಯ ಕೆಳಗಿನ ಕೆಸರು

ಮುಳುಗಣ್ಣನ ಮುತ್ತಜ್ಜ ಬಾವಿಯ ತಳಕ್ಕೆ ಕಲ್ಲು ಕೂರಿಸುವವನು. ಅಗೆಯುವವರು ಅಗೆದು, ನೀರು ಎದೆಮಟ್ಟಕ್ಕೆ ಬಂದು, ಎಲ್ಲರೂ ಜೀವ ಕೈಯಲ್ಲಿ ಹಿಡಿದು ಮೇಲೆ ಹತ್ತಿದ ಮೇಲೆ ಅವನು ಕೆಳಗಿಳಿಯುತ್ತಿದ್ದ. ಉಸಿರು ಬಿಗಿಹಿಡಿದು, ತಡವಿ ತಡವಿ ಮೊದಲ ಸುತ್ತಿನ ಕಲ್ಲು ಜೋಡಿಸುತ್ತಿದ್ದ. ಅಜ್ಜನ ಕಾಲಕ್ಕೆ ಬಾವಿಯ ಕೆಲಸ ಕಡಿಮೆಯಾಗಿ ಸೇತುವೆಯ ಕೆಲಸ ಬಂತು. ಹೊಳೆಯ ನಡುವೆ ಕಂಬ ಎಬ್ಬಿಸುವ ಮೊದಲು ತಳದ ಬಂಡೆ ಗಟ್ಟಿಯೋ ಪೊಳ್ಳೋ ಎಂದು ಮುಳುಗಿ ನೋಡಿ ಹೇಳಬೇಕಾದವನು ಅಜ್ಜ. ಒಂದು ಸಲ ದೊಡ್ಡ ಅಧಿಕಾರಿಯೊಬ್ಬ ಗಟ್ಟಿ ಎಂದು ಕಾಗದದಲ್ಲಿ ಬರೆದದ್ದನ್ನು ಅಜ್ಜ ಪೊಳ್ಳು ಎಂದ. ಅಧಿಕಾರಿ ನಕ್ಕ. ಅಜ್ಜ ಮತ್ತೆ ಮುಳುಗಿ, ಬಂಡೆಯ ಒಂದು ಚಕ್ಕೆಯನ್ನು ಬರಿಗೈಯಲ್ಲಿ ಕಿತ್ತು ತಂದು, ನೀರು ಸುರಿಯುತ್ತಿದ್ದ ಹಾಗೇ ಅವನ ಮೇಜಿನ ಮೇಲಿಟ್ಟ. ಸೇತುವೆ ಹನ್ನೆರಡು ಮಾರು ಆಚೆ ಸರಿಯಿತು.

ಅಪ್ಪ ಬಂದರಿನ ಗೋಡೆಯವನು. ತಲೆಗೆ ತಾಮ್ರದ ಕೊಡದಂಥ ಟೋಪಿ, ಕಾಲಿಗೆ ಸೀಸದ ಬೂಟು. ಹತ್ತೊಂಬತ್ತು ವರ್ಷ ಅವನು ಕಡಲ ತಳದಲ್ಲಿ ಮಂಡಿಯೂರಿ ಜಲ್ಲಿ ಸಮ ಮಾಡಿದ. ಅದರ ಮೇಲೆ ನಿಂತ ಗೋಡೆ ಇವತ್ತಿಗೂ ಒಂದು ಬೆರಳು ಜಗ್ಗಿಲ್ಲ. ಆ ಮನೆಯಲ್ಲಿ ಆಸ್ತಿ ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ನಾವು ಕೂರಿಸಿದ್ದು ಕೂತಿದೆ ಎಂಬುದೊಂದೇ ಮಾತು ಮಗನಿಂದ ಮಗನಿಗೆ ಬಂದಿತ್ತು. ಮುಳುಗಣ್ಣ ಅದನ್ನು ಹೆಚ್ಚು ಆಡುತ್ತಿರಲಿಲ್ಲ. ಆಡದೆಯೂ ಅವನ ನಡಿಗೆಯಲ್ಲಿ ಅದು ಗೊತ್ತಾಗುತ್ತಿತ್ತು.

ನಾನು ಅವನ ಹಗ್ಗ ಹಿಡಿದವನು. ಮೂವತ್ತೊಂದು ವರ್ಷ. ಮುಳುಗಿದವನ ಹಗ್ಗವೂ ಉಸಿರಿನ ಕೊಳವೆಯೂ ದೋಣಿಯ ಮೇಲೆ ನಿಂತವನ ಕೈಯಲ್ಲಿರುತ್ತವೆ. ಹೆಂಡತಿಗೂ ಅಷ್ಟು ಹತ್ತಿರದ ಸಂಬಂಧ ಇರುವುದಿಲ್ಲ ಎಂದು ಅವನ ಹೆಂಡತಿಯೇ, ಬದುಕಿದ್ದಾಗ, ನನ್ನನ್ನು ಸವತಿ ಎಂದು ಕರೆದು ನಗುತ್ತಿದ್ದಳು. ಅವನು ನನ್ನನ್ನು ಕರೆಯುತ್ತಿದ್ದದ್ದು ಹಗ್ಗ ಎಂದೇ.

ನೀರಿನಡಿಯ ಸುರಂಗ ಎಂದರೆ ಇಲಿ ಬಿಲ ತೋಡಿದಂತೆ ತೋಡುವುದು ಎಂದು ಜನ ತಿಳಿಯುತ್ತಾರೆ. ನಮ್ಮದು ಹಾಗಲ್ಲ. ದಡದ ಹೊಂಡದಲ್ಲಿ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ ಮಾಡುತ್ತಾರೆ, ಅರವತ್ತು ಮಾರು ಉದ್ದ, ಒಳಗೆ ನಾಲ್ಕು ಲಾರಿ ಪಕ್ಕಪಕ್ಕ ಓಡುವಷ್ಟು ಅಗಲ. ಎರಡು ತುದಿಗೂ ಗೋಡೆ ಕಟ್ಟಿ ಮುಚ್ಚಿ, ದೋಣಿಯ ಹಾಗೆ ತೇಲಿಸಿ ಎಳೆದು ತಂದು, ಕಡಲ ತಳದಲ್ಲಿ ಮೊದಲೇ ತೋಡಿಟ್ಟ ಕಾಲುವೆಯೊಳಗೆ ಇಳಿಸುತ್ತಾರೆ. ಹಿಂದಿನ ಪೆಟ್ಟಿಗೆಯ ಬಾಯಿಗೆ ಇದರ ಬಾಯಿ ಕೂಡಿಸುತ್ತಾರೆ. ನಡುವೆ ತೊಡೆ ಗಾತ್ರದ ರಬ್ಬರಿನ ಬಳೆ. ನಡುವಿನ ನೀರನ್ನು ಹೊರಗೆಳೆದರೆ ಕಡಲು ತಾನಾಗಿಯೇ ಪೆಟ್ಟಿಗೆಯನ್ನು ಒತ್ತಿ, ರಬ್ಬರನ್ನು ಹಿಂಡಿ, ಬಾಯಿ ಮುಚ್ಚಿಕೊಡುತ್ತದೆ. ಹೀಗೆ ಒಂದರ ಹಿಂದೆ ಒಂದು.

ಎಲ್ಲ ಸರಿ. ಆದರೆ ಅಷ್ಟು ಭಾರದ ಪೆಟ್ಟಿಗೆ ಯಾವುದರ ಮೇಲೆ ಕೂರಬೇಕು? ತೋಡಿದ ತಳ ಎಂದೂ ಸಮ ಇರುವುದಿಲ್ಲ. ನಮ್ಮ ಹರೆಯದಲ್ಲಿ ಕಟ್ಟಿದ ಮೊದಲ ಸುರಂಗದಲ್ಲಿ ಪೆಟ್ಟಿಗೆಯನ್ನು ಕಾಲುಗಳ ಮೇಲೆ ನಿಲ್ಲಿಸಿ, ಕೆಳಗೆ ಮೊಣಕಾಲೆತ್ತರ ಸಂದು ಬಿಟ್ಟು, ನೆಲದ ತೂತುಗಳಿಂದ ಮರಳು ನೀರು ಕಲಸಿ ಪಂಪು ಮಾಡುತ್ತಿದ್ದರು. ಮರಳು ಗುಡ್ಡೆಗುಡ್ಡೆಯಾಗಿ ಹರಡಿ ಸಂದು ತುಂಬಬೇಕು. ಮುಳುಗಣ್ಣ ಪೆಟ್ಟಿಗೆಯ ಅಂಚಿನಲ್ಲಿ ಕೈಯಿಟ್ಟು ಕಾಯುತ್ತಿದ್ದ. ಮರಳು ಹೊರಗೆ ಇಣುಕಿ ಬೆರಳಿಗೆ ತಾಗಿದ ಕೂಡಲೇ ತಲೆಯ ಟೋಪಿಯೊಳಗಿನ ಟೆಲಿಫೋನಿನಲ್ಲಿ ಬಂತು ಎನ್ನುತ್ತಿದ್ದ. ಪಂಪು ನಿಲ್ಲುತ್ತಿತ್ತು.

ಈ ಎರಡನೆಯ ಸುರಂಗದಲ್ಲಿ ಪದ್ಧತಿ ಬದಲಾಯಿತು. ಪೆಟ್ಟಿಗೆ ಬರುವ ಮೊದಲೇ ಜಲ್ಲಿಯ ಹಾಸಿಗೆ. ದೊಡ್ಡ ದೋಣಿಯೊಂದು ನೀರಿನೊಳಗೆ ಕೊಳವೆ ಇಳಿಬಿಟ್ಟು, ಉತ್ತ ಹೊಲದ ಹಾಗೆ ದಿಂಡು, ಸಾಲು, ದಿಂಡು, ಸಾಲು ಎಂದು ಜಲ್ಲಿ ಸುರಿದುಕೊಂಡು ಹೋಗುತ್ತದೆ. ಆ ಕೊಳವೆ ನಡೆಸುತ್ತಿದ್ದವನು ಮುಳುಗಣ್ಣನ ಅಳಿಯ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಇವನ ದಿಂಡುಗಳ ಮೇಲೆ ಬಟ್ಟಲಲ್ಲಿ ನೀರಿಟ್ಟರೂ ತುಳುಕುವುದಿಲ್ಲ ಎಂದು ಮಾವ ನನ್ನ ಹತ್ತಿರ ಹೊಗಳುತ್ತಿದ್ದ. ಅಳಿಯನ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಈ ಹಾಸಿಗೆಗೆ ಒಂದೇ ಶತ್ರು, ಕೆಸರು. ಜಲ್ಲಿ ಹಾಸಿ ಪೆಟ್ಟಿಗೆ ತರುವಷ್ಟರಲ್ಲಿ ಹತ್ತು ಹದಿನೈದು ದಿನ. ಅಷ್ಟರಲ್ಲಿ ಹೊಳೆ ತಂದ ಮಣ್ಣು ಸದ್ದಿಲ್ಲದೆ ಸಾಲುಗಳಲ್ಲಿ ಇಳಿದು ಕೂರುತ್ತದೆ. ತೆಳ್ಳಗಿದ್ದರೆ ಚಿಂತೆಯಿಲ್ಲ. ದಪ್ಪಗಾದರೆ ಪೆಟ್ಟಿಗೆ ಕೂರುವುದು ಕಲ್ಲಿನ ಮೇಲಲ್ಲ, ಕೆಸರಿನ ಮೇಲೆ. ದೋಣಿಯ ಯಂತ್ರ ಸದ್ದು ಕಳಿಸಿ ತಳ ಅಳೆಯುತ್ತದೆ ನಿಜ. ಆದರೆ ನಾಲ್ಕು ಬೆರಳಿನ ಎಳೆ ಕೆಸರು ಯಂತ್ರಕ್ಕೆ ಒಮ್ಮೆ ಕಂಡೀತು, ಒಮ್ಮೆ ಕಾಣದು. ಆದ್ದರಿಂದ ಪೆಟ್ಟಿಗೆ ಇಳಿಸುವ ದಿನ ಬೆಳಿಗ್ಗೆ ಮುಳುಗಣ್ಣ ಇಳಿಯಬೇಕು. ಅಲ್ಲಿ ಬೆಳಕಿಲ್ಲ, ಕಣ್ಣು ಇದ್ದೂ ಇಲ್ಲದ ಹಾಗೆ. ಅವನು ಕೈಗವಸು ಬಿಚ್ಚಿ, ಸಾಲು ಸಾಲಿಗೂ ಬರಿಗೈ ಊರಿ ನೋಡುತ್ತಿದ್ದ. ಅದು ಅವನ ಅಪ್ಪನ ಅಳತೆ. ಬೆರಳಿನ ಒಂದು ಗೆಣ್ಣು ಕೆಸರಾದರೆ ಚೊಕ್ಕ. ಎರಡು ಗೆಣ್ಣಾದರೆ ಹೀರುವ ಕೊಳವೆ ಇಳಿಸಿ ತೆಗೆಯಬೇಕು. ಮೂರು ಗೆಣ್ಣಾದರೆ ಆ ದಿನದ ಕೆಲಸ ಬಂದ್. ಎಲ್ಲ ನೋಡಿ ಮುಗಿಸಿ ಅವನು ಟೆಲಿಫೋನಿನಲ್ಲಿ ಕೂರಿಸಿ ಎನ್ನಬೇಕು. ಆ ಒಂದು ಮಾತು ಬರುವವರೆಗೆ ನೂರಾರು ಜನ, ಎಂಟು ದೋಣಿ, ತೇಲುವ ಪೆಟ್ಟಿಗೆ ಎಲ್ಲವೂ ಬಾಯಿಮುಚ್ಚಿ ಕಾಯುತ್ತಿದ್ದವು.

ಎರಡು ವರ್ಷದಿಂದ ಅವನ ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ.

ಶುರುವಾದದ್ದು ತಮಾಷೆಯಲ್ಲಿ. ನೀರಿನಿಂದ ಮೇಲೆ ಬಂದು, ಮೈ ಒರೆಸಿಕೊಂಡು, ಅಂಗಿ ತೊಟ್ಟು, ಗುಂಡಿ ಹಿಡಿದು ಒದ್ದಾಡುತ್ತಿದ್ದ. ಬೆರಳ ತುದಿ ಸುಣ್ಣ ಬಳಿದ ಹಾಗೆ ಬಿಳಿ. ಮದುಮಗನಿಗೆ ಅಲಂಕಾರ ಮಾಡ್ತೀನಿ ತಡಿ ಎಂದು ನಾನೇ ಹಾಕಿದೆ. ಚಳಿಗೆ ಹೀಗಾಗುತ್ತೆ ಎಂದ. ಬೇಸಿಗೆ ಬಂತು, ಗುಂಡಿ ಹಾಕುವುದು ನಿಲ್ಲಲಿಲ್ಲ. ಬಲಗೈ ಮಾತ್ರ, ಎಡಗೈ ಸರಿಯಾಗಿತ್ತು. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ. ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ಚುಚ್ಚಿ ಗೊತ್ತಾಯಿತೇ ಎಂದು ಕೇಳುತ್ತಿದ್ದರು. ಅವನು ರೆಪ್ಪೆಯ ಸಂದಿನಿಂದ ಸೂಜಿ ನೋಡಿ, ಸರಿಯಾದ ಹೊತ್ತಿಗೆ ಹೂಂ ಎಂದು ಪಾಸಾಗಿ ಬಂದ. ಇದನ್ನು ನನಗೆ ಹೇಳಿ ನಕ್ಕ. ನಾನೂ ನಕ್ಕೆ.

ಹಾಗಾದರೆ ಕೆಳಗೆ ಏನು ಮಾಡ್ತೀಯ ಎಂದು ಒಂದೇ ಒಂದು ಸಲ ಕೇಳಿದ್ದೆ. ಮಣಿಕಟ್ಟು ಇದೆಯಲ್ಲ ಎಂದ. ಕೈ ಊರಿದಾಗ ಕಲ್ಲು ಒದೆಯುತ್ತದೆ, ಆ ಒದೆತ ಮಣಿಕಟ್ಟಿಗೆ ಬರುತ್ತದೆ, ಅಷ್ಟು ಸಾಕು ಎಂದ. ನಾನು ನೀರಿಗಿಳಿದವನಲ್ಲ. ನಂಬಿದೆ.

ಏಳನೆಯ ಪೆಟ್ಟಿಗೆಯ ಹಿಂದಿನ ವಾರ ಮೇಲುಸೀಮೆಯಲ್ಲಿ ಮಳೆ ಹೊಡೆದಿತ್ತು. ಹೊಳೆ ಬಾಯಿಯ ನೀರು ಕೆಂಪಗೆ ಕದಡಿತ್ತು. ಅವತ್ತು ಬೆಳಿಗ್ಗೆ ಮುಳುಗಣ್ಣ ಇಳಿದ. ಹೋಗುವಾಗ ಹೊಳೆಯ ಕಡೆಯ ಪಕ್ಕ, ಎಡಗೈಯಲ್ಲಿ ದಾರಿಹಗ್ಗ, ಬಲಗೈ ಜಲ್ಲಿಗೆ. ಬರುವಾಗ ಕಡಲ ಕಡೆಯ ಪಕ್ಕ, ಬಲಗೈಯಲ್ಲಿ ಹಗ್ಗ, ಎಡಗೈ ಜಲ್ಲಿಗೆ. ಒಂದೂವರೆ ತಾಸು. ಕಡಲ ಕಡೆ ಒಂದು ಗೆಣ್ಣು ಎಂದ. ಹೊಳೆಯ ಕಡೆ ಎಷ್ಟು ಎಂದು ನಾನು ಟೆಲಿಫೋನಿನಲ್ಲಿ ಕೇಳಿದೆ.

"ಚೊಕ್ಕ. ಕಲ್ಲು ಒದೀತಾ ಇದೆ. ಕೂರಿಸಿ."

ನನ್ನ ಬಾಯಿಗೆ ಬಂದ ಮಾತೊಂದು ಇತ್ತು. ಮಣ್ಣು ತರುವುದೇ ಹೊಳೆ. ಹೊಳೆಯ ಕಡೆ ಕಮ್ಮಿ, ಕಡಲ ಕಡೆ ಹೆಚ್ಚು ಹೇಗಾದೀತು? ಸುತ್ತ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮಾತು ನುಂಗಿಕೊಂಡು, ಕೂರಿಸಿ ಅಂದಿದ್ದಾನೆ ಎಂದು ಕೂಗಿದೆ. ಪೆಟ್ಟಿಗೆ ಇಳಿಯಿತು.

ಮೂರನೆಯ ವಾರಕ್ಕೆ ಪೆಟ್ಟಿಗೆಯ ಒಂದು ಮೂಲೆ, ಹೊಳೆಯ ಕಡೆಯದೇ, ನಾಲ್ಕು ಬೆರಳು ತಗ್ಗಿತ್ತು. ಆರನೆಯದಕ್ಕೂ ಏಳನೆಯದಕ್ಕೂ ನಡುವಿನ ರಬ್ಬರು ಒಂದು ಕಡೆ ಸಡಿಲಗೊಂಡು ಬೆವರತೊಡಗಿತು. ಮೊದಲು ಒದ್ದೆ, ಆಮೇಲೆ ಹನಿ, ಆಮೇಲೆ ಬಕೆಟ್ಟು ಇಡಬೇಕಾಯಿತು. ಎಂಟನೆಯ ಪೆಟ್ಟಿಗೆ ದಡದಲ್ಲೇ ನಿಂತಿತು. ಕಚೇರಿಯಲ್ಲಿ ಕಾಗದಗಳನ್ನೆಲ್ಲ ಹರಡಿ ನೋಡಿದರು. ಕೆಸರಿರಲಿಲ್ಲ ಎನ್ನುವುದಕ್ಕೆ ಮುಳುಗಣ್ಣನ ಮಾತಿತ್ತು. ಆ ಮಾತನ್ನು ಅನುಮಾನಿಸುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ. ಉಳಿದದ್ದು ಜಲ್ಲಿ. ಆ ಭಾಗ ಹಾಸಿದ ದಿನ ಕೊಳವೆ ಒಂದು ತಾಸು ಕಟ್ಟಿಕೊಂಡಿತ್ತೆಂದು ದೋಣಿಯ ಪುಸ್ತಕದಲ್ಲಿ ಬರೆದಿತ್ತು. ಬರೆದವನು ಅಳಿಯನೇ. ಜಲ್ಲಿ ಅಲ್ಲಿ ತೆಳ್ಳಗೆ ಬಿದ್ದಿದೆ ಎಂದು ತೀರ್ಮಾನವಾಯಿತು. ತನಿಖೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅಳಿಯನಿಗೆ ಹೇಳಿದರು. ಇನ್ನು ಅವನ ಕೈಗೆ ಯಾರೂ ಕೊಳವೆ ಕೊಡುವುದಿಲ್ಲ ಎಂಬುದು ದೋಣಿಯವರಿಗೆಲ್ಲ ಗೊತ್ತಿತ್ತು.

ಪೆಟ್ಟಿಗೆಗೆ ಮದ್ದನ್ನೂ ಗೊತ್ತು ಮಾಡಿದರು. ಒಳಗಿನ ನೆಲದಲ್ಲಿ ಇಂಥ ಹೊತ್ತಿಗೆಂದೇ ಬಿಟ್ಟ ತೂತುಗಳ ಬಿರಡೆ ತೆಗೆದು, ಸಿಮೆಂಟಿನ ತೆಳು ಗಂಜಿಯನ್ನು ಕೆಳಕ್ಕೆ ಒತ್ತಿ, ಜಲ್ಲಿಯ ಟೊಳ್ಳು ತುಂಬುವುದು. ಸೋಮವಾರ ಶುರು. ಜಲ್ಲಿ ತೆಳ್ಳಗಿದ್ದರೆ ಸರಿಯಾದ ಮದ್ದೇ. ಕೆಸರಿದ್ದರೆ ಮಾತ್ರ ಮೊದಲು ನೀರು ಹಾಯಿಸಿ ತೊಳೆದು ಕೆಸರನ್ನು ಹೊರಗಟ್ಟಬೇಕು. ಇಲ್ಲದಿದ್ದರೆ ಸಿಮೆಂಟು ಕೆಸರನ್ನು ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಗಟ್ಟಿಯಾದ ಮೇಲೆ ಯಾರ ಕೈಯಲ್ಲೂ ಏನೂ ಮಾಡಲಾಗುವುದಿಲ್ಲ.

ಶನಿವಾರ ಮಧ್ಯಾಹ್ನ ನಾನೂ ಮುಳುಗಣ್ಣನೂ ಅವನ ಮಗಳ ಮನೆಗೆ ಹೋದೆವು. ಎರಡು ಕೋಣೆಯ ಮನೆ, ಮೂರನೆಯ ಮಹಡಿ, ಕಿಟಕಿಯಿಂದ ದಡದ ಕ್ರೇನು ಕಾಣುತ್ತಿತ್ತು. ಅಳಿಯ ಗೋಡೆಗೊರಗಿ ಕೂತು ಕೆಲಸದ ಟೋಪಿಯನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದ. ನಿನ್ನ ಜಲ್ಲಿ ಸರಿಯಾಗೇ ಬಿದ್ದಿತ್ತಲ್ಲವೇ ಎಂದು ನಾನು ಕೇಳಿದೆ. ಕೊಳವೆ ಬಿಟ್ಟುಕೊಂಡ ಮೇಲೆ ಅವನು ಹಿಂದಕ್ಕೆ ಹೋಗಿ ಮತ್ತೆ ಸುರಿದಿದ್ದನಂತೆ, ಅಳತೆಯನ್ನೂ ಎರಡು ಸಲ ನೋಡಿದ್ದನಂತೆ.

"ನನ್ನ ಲೆಕ್ಕಕ್ಕೆ ಸರಿ ಇತ್ತು," ಎಂದ. "ಆದ್ರೆ ಮಾವ ಚೊಕ್ಕ ಅಂದ್ಮೇಲೆ ಚೊಕ್ಕಾನೇ. ಇನ್ನೇನು, ನನ್ನ ಜಲ್ಲೀನೇ ಕೆಟ್ಟಿರ್ಬೇಕು."

ಕೊಂಕಿಲ್ಲದೆ ಹೇಳಿದ. ಅದೇ ಕಷ್ಟವಾದದ್ದು. ಬೈದಿದ್ದರೆ ಮುಳುಗಣ್ಣ ತಿರುಗಿ ಬೈಯುತ್ತಿದ್ದ, ಎದ್ದು ಹೋಗುತ್ತಿದ್ದ. ತನ್ನ ಕಣ್ಣಾರೆ ನೋಡಿದ ಅಳತೆಗಿಂತ ಮಾವನ ಕೈಯನ್ನೇ ಅವನು ನಂಬಿ ಕೂತಿದ್ದ.

ಮುಳುಗಣ್ಣ ಎದ್ದು ಅಡುಗೆಮನೆಗೆ ಹೋದ. ನೀರು ಕುಡಿಯಲು ಎಂದುಕೊಂಡೆ. ಒಲೆಯ ಮೇಲೆ ಚಹಾದ ಪಾತ್ರೆ ಕುದಿಯುತ್ತಿತ್ತು, ಮಗಳು ಲೋಟ ತೊಳೆಯುತ್ತಿದ್ದಳು. ಪಾತ್ರೆ ಉಕ್ಕಿ ಬಂತು. ಅವನು ಬಲಗೈ ಚಾಚಿ ಅದರ ಅಂಚನ್ನು ಹಿಡಿದು ಇಳಿಸಿ ಕಟ್ಟೆಯ ಮೇಲಿಟ್ಟ. ಬಟ್ಟೆಯಿಲ್ಲ, ಇಕ್ಕಳವಿಲ್ಲ. ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಏನೋ ಯೋಚಿಸುತ್ತ ಹಿಡಿದೇ ನಿಂತಿದ್ದ. ನಾನು ಬಾಗಿಲಲ್ಲಿದ್ದೆ. ಮಗಳು ಮೊದಲು ಪಾತ್ರೆ ನೋಡಿದಳು, ಆಮೇಲೆ ಅವನ ಮುಖ. ಮುಖದಲ್ಲಿ ಏನೂ ಇರಲಿಲ್ಲ. ಅವಳು ಮೆಲ್ಲಗೆ ಅವನ ಮಣಿಕಟ್ಟು ಹಿಡಿದು ಕೈ ಬಿಡಿಸಿ ನಲ್ಲಿಯ ಕೆಳಗೆ ಇಟ್ಟಳು. ಬೆರಳುಗಳ ಮೇಲೆ ಬೊಬ್ಬೆ ಏಳತೊಡಗಿತ್ತು.

"ಎಷ್ಟು ದಿನದಿಂದಪ್ಪ?" ಎಂದಳು.

ಅವನು ನಲ್ಲಿಯ ನೀರನ್ನೇ ನೋಡುತ್ತಿದ್ದ. ಎರಡು ವರ್ಷ ಎಂದ.

ಅವಳು ಅವನ ಕೈಗೆ ಒದ್ದೆ ಬಟ್ಟೆ ಸುತ್ತಿದಳು. ನಾಲ್ಕು ಲೋಟಗಳಿಗೆ ಚಹಾ ಹಾಕಿ, ಮೂರನ್ನು ತಟ್ಟೆಯಲ್ಲಿಟ್ಟು ಒಯ್ದಳು. ಅವನ ಲೋಟ ಕಟ್ಟೆಯ ಮೇಲೇ ಉಳಿಯಿತು.

ಇಬ್ಬರೂ ಮನೆಗೆ ವಾಪಸು ಹೊರಟೆವು. ಬೀದಿಯ ಕೊನೆಯಲ್ಲಿ ಅವನು ಹೇಳತೊಡಗಿದ, ನನಗೋ, ರಸ್ತೆಗೋ. ಕಲ್ಲು ಮಣಿಕಟ್ಟಿಗೂ ಮಾತಾಡುತ್ತದಂತೆ. ಕೆಸರು ಮಾತಾಡುವುದು ಬೆರಳ ತುದಿಗೆ ಮಾತ್ರ. ಅವನು ಕೈ ಊರಿದಾಗ ಬೆರಳು ಕೆಸರನ್ನು ಸೀಳಿಕೊಂಡು ಹೋಗಿ ಕಲ್ಲಿಗೆ ಬಡಿಯಿತು. ಒದೆತ ಬಂತು. ನಡುವೆ ಇದ್ದ ಕೆಸರು ಎರಡು ಗೆಣ್ಣೋ ನಾಲ್ಕು ಗೆಣ್ಣೋ, ಅದನ್ನು ಹೇಳಬೇಕಾದ ಬೆರಳು ಸತ್ತು ಎರಡು ವರ್ಷವಾಗಿತ್ತು. ಅವತ್ತು ಎಡಗೈಯಲ್ಲಿ ಒಂದು ಗೆಣ್ಣು ಕೆಸರು ಸಿಕ್ಕಿದಾಗಲೇ ಬಲಗೈಯ ಮೇಲೆ ಅನುಮಾನ ಬಂದಿತ್ತಂತೆ. ತಿರುಗಿ ಹೋಗಿ ಎಡಗೈಯಲ್ಲಿ ಆ ಪಕ್ಕವನ್ನೂ ನೋಡಬಹುದಿತ್ತು. ಇನ್ನೊಂದು ತಾಸಿನ ಕೆಲಸ. ಯಾಕೆ ಹೋದೆ ಎಂದು ಮೇಲಿನವರು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ ಮೇಲೆ ಬಂದನಂತೆ.

ಭಾನುವಾರವೇ ಅವನು ಇಂಜಿನಿಯರಮ್ಮನ ಕಚೇರಿಗೆ ಹೋದ, ಜೊತೆಗೆ ನಾನೂ. ತಗಡಿನ ಕೋಣೆ, ಗೋಡೆ ತುಂಬ ನಕ್ಷೆ, ನೆಲದ ಮೇಲೆ ಒಣಗಿದ ಬೂಟಿನ ಮಣ್ಣು. ಆಕೆ ಪೆಟ್ಟಿಗೆ ಇಳಿಸುವ ಇಡೀ ಕೆಲಸಕ್ಕೆ ಮೇಲಾಳು, ರಜೆಯ ದಿನವೂ ಅಲ್ಲೇ ಇರುತ್ತಿದ್ದಳು. ಮುಳುಗಣ್ಣ ಕೂರಲಿಲ್ಲ. ಸುತ್ತಿದ ಬಟ್ಟೆ ಬಿಚ್ಚಿ, ಕೈಯನ್ನು ಅವಳ ಮೇಜಿನ ನಕ್ಷೆಯ ಮೇಲಿಟ್ಟ. ಅಜ್ಜ ಬಂಡೆಯ ಚಕ್ಕೆ ಇಟ್ಟದ್ದು ನನಗೆ ನೆನಪಾಯಿತು. ಅವನಿಗೂ ಆಗಿರಬೇಕು.

ಹೊಳೆಯ ಕಡೆಯ ಸಾಲುಗಳಲ್ಲಿ ಕೆಸರಿದೆ, ಮೊದಲು ತೊಳೆಯಿರಿ ಎಂದ. ಜಲ್ಲಿ ಸರಿಯಿದೆ ಎಂದ. ನನ್ನ ಬೆರಳಿಗೆ ಜೀವವಿಲ್ಲ, ಅದನ್ನು ಮುಚ್ಚಿಟ್ಟು ಕೂರಿಸಿ ಅಂದೆ ಎಂದ. ಮೂರು ಮಾತು. ಹಗ್ಗ ಹಿಡಿದವನಿಗೂ ಗೊತ್ತಿತ್ತು ಎಂದು ನಾಲ್ಕನೆಯದನ್ನು ನಾನು ಸೇರಿಸಿದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಂಜಿನಿಯರಮ್ಮ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಒಳ್ಳೆಯ ಹೆಂಗಸು. ಆರು ಪೆಟ್ಟಿಗೆಗಳನ್ನು ಅವನ ಮಾತಿನ ಮೇಲೆ ಕೂರಿಸಿದವಳು. ಅವಳು ಹೇಳಿದ್ದಿಷ್ಟು. ಅವನು ಮೇಲೆ ಬಂದ ಮೇಲೂ ಪೆಟ್ಟಿಗೆ ತಳ ಮುಟ್ಟಲು ಐದು ತಾಸು ಹಿಡಿದಿತ್ತು. ಆ ಐದು ತಾಸಿನಲ್ಲಿ ಹೊಳೆ ಕೆಸರು ತಂದು ಹಾಕಿತು ಎಂದು ಬರೆದರೆ ಯಾರೂ ಅಲ್ಲ ಎನ್ನಲಾರರು. ತೊಳೆಯುವ ಕೆಲಸ ಆಗುತ್ತದೆ, ಅಳಿಯನ ಮೇಲಿನ ಮಾತೂ ಹೋಗುತ್ತದೆ, ಮೂವತ್ತೊಂದು ವರ್ಷದ ಹೆಸರೂ ಉಳಿಯುತ್ತದೆ. ಮೆತ್ತಗೆ, ಮಗಳು ಅಪ್ಪನಿಗೆ ಹೇಳುವ ಹಾಗೆ ಹೇಳಿದಳು.

ನನ್ನ ಎದೆಯಲ್ಲಿ ಆಸೆ ಎದ್ದದ್ದು ನಿಜ.

"ಐದು ತಾಸಿಗೆ ನಾಲ್ಕು ಗೆಣ್ಣು ತರೋ ಹೊಳೆ ಅಂತ ನೀವು ಬರೆದ್ರೆ, ಮುಂದೆ ಬರೋ ಮುಳುಗೋನು ಅದನ್ನ ಓದ್ತಾನೆ," ಎಂದ ಮುಳುಗಣ್ಣ. "ಅದನ್ನ ನಂಬಿ ಲೆಕ್ಕ ಹಾಕ್ತಾನೆ. ಒಂದು ಸುಳ್ಳು ಕೆಳಗೆ ಕೂತಿದೆ ಸಾಕು ತಾಯಿ."

ಅವಳು ಅವನು ಹೇಳಿದ ಹಾಗೇ ಬರೆದಳು.

ಸೋಮವಾರ ಸಿಮೆಂಟಿನ ಬದಲು ನೀರು ಹಾಯಿಸಿದರು. ಅಕ್ಕಪಕ್ಕದ ತೂತುಗಳಿಂದ ಬೂದು ಬಣ್ಣದ ರಾಡಿ ಉಕ್ಕಿ ಬಂತು, ಹನ್ನೊಂದು ದಿನ ಬಂತು. ಚೊಕ್ಕ ನೀರು ಬಂದ ಮೇಲೆ ಗಂಜಿ ಒತ್ತಿ ತುಂಬಿದರು. ಪೆಟ್ಟಿಗೆ ನಿಂತಿತು. ನಿಂತಿತು ಅಷ್ಟೇ, ಮೇಲೇಳಲಿಲ್ಲ. ತೊಳೆಯುವಾಗ ಇನ್ನೊಂದು ಬೆರಳು ಇಳಿದು, ಐದು ಬೆರಳು ತಗ್ಗಿದ ಮೂಲೆ ಹಾಗೇ ಉಳಿಯಿತು, ಇನ್ನು ಎಂದೆಂದಿಗೂ ಹಾಗೇ. ರಬ್ಬರಿನ ಬೆವರು ಪೂರ್ತಿ ನಿಲ್ಲಲಿಲ್ಲ. ಗೋಡೆಯ ಬುಡದಲ್ಲಿ ಒಂದು ಸಣ್ಣ ಮೋರಿ ಮಾಡಿ ಆ ನೀರನ್ನು ಪಂಪಿಗೆ ಹರಿಸಿದರು. ಸುರಂಗದಲ್ಲಿ ಗಾಡಿ ಓಡಿಸುವವರಿಗೆ ಏಳನೆಯ ಪೆಟ್ಟಿಗೆಯ ಹತ್ತಿರ ಚಕ್ರ ಒಂದು ಸಲ ಧಡಕ್ ಎನ್ನುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ.

ಅಳಿಯನಿಗೆ ಕೊಳವೆ ವಾಪಸು ಸಿಕ್ಕಿತು. ಅವನು ಮಾವನ ಜೊತೆ ಜಗಳವಾಡಲಿಲ್ಲ. ಮೊದಲಿನಂತೆ ಎದ್ದು ಜಾಗ ಬಿಡುತ್ತಾನೆ, ಊಟ ಆಯ್ತಾ ಎನ್ನುತ್ತಾನೆ. ಆದರೆ ಮೊದಲು ತಾನು ಹಾಸಿದ ದಿಂಡಿನ ಬಗ್ಗೆ, ಕಟ್ಟಿಕೊಂಡ ಕೊಳವೆಯ ಬಗ್ಗೆ ಮಾವನ ಹತ್ತಿರ ನಾಲ್ಕು ಮಾತು ಆಡುತ್ತಿದ್ದ. ಈಗ ಕೆಲಸದ ಮಾತೇ ಎತ್ತುವುದಿಲ್ಲ. ಎಂಟನೆಯ ಪೆಟ್ಟಿಗೆಗೆ ಬೇರೆ ಮುಳುಗುವವನು ಬಂದ. ಅವನ ಹಗ್ಗ ಹಿಡಿಯಲು ನನ್ನನ್ನು ಕರೆದರು. ನನ್ನ ಕೈ ಒಪ್ಪಲಿಲ್ಲ.

ಮುಳುಗಣ್ಣ ಈಗ ದಡದ ಹಿಂದಿನ ಬೀದಿಯ ಒಂದು ಕೋಣೆಯಲ್ಲಿದ್ದಾನೆ. ಮಗಳು ದಿನವೂ ಬಂದು ಹೋಗುತ್ತಾಳೆ. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮಂಚದ ಅಂಚಿನಲ್ಲಿ ಕೂತು ಅಂಗಿಯ ಜೊತೆ ಹೆಣಗುತ್ತಿರುತ್ತಾನೆ. ಈಚೆಗೆ ಎಡಗೈ ಬೆರಳುಗಳೂ ಬಿಳಿಯಾಗತೊಡಗಿವೆ. ಮೊನ್ನೆ ಮೂರನೆಯ ಗುಂಡಿ ಹತ್ತು ನಿಮಿಷವಾದರೂ ತೂತಿಗೆ ಬೀಳಲಿಲ್ಲ. ನೋಡಲಾಗದೆ ನಾನು ಹತ್ತಿರ ಹೋಗಿ ಕೈ ಚಾಚಿದೆ. ಅವನು ಮೊಣಕೈಯಿಂದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

"ಬೇಡ ಕಣೋ ಹಗ್ಗ. ಎರಡು ವರ್ಷ ನೀನು ಹಾಕ್ದೆ, ಅದಕ್ಕೇ ನನ್ನ ಕೈ ಸರಿಯಾಗಿದೆ ಅಂತ ಊರೆಲ್ಲ ನಂಬ್ತು, ನಾನೂ ನಂಬ್ದೆ. ಇನ್ನು ನಾನೇ ಹಾಕ್ಕೋತೀನಿ. ಹೊತ್ತಾದ್ರೆ ಆಗ್ಲಿ. ನೀನು ಅಲ್ಲಿ ಕೂತ್ಕೋ."